ಮೂರನೆಯ ಸಿಲಿಂಡರಿನ ಲೆಕ್ಕ: ಸರ್ ನೈಜೆಲ್ ಗ್ರೆಸ್ಲಿಯವರ ಬದುಕು



ಉಗಿ ಎಂಜಿನ್ ಎಂದ ಕೂಡಲೇ ನಮಗೆಲ್ಲ ಜೇಮ್ಸ್ ವಾಟ್ ಮತ್ತು ಜಾರ್ಜ್ ಸ್ಟೀಫನ್‌ಸನ್ ಅವರ ಹೆಸರುಗಳು ನೆನಪಿಗೆ ಬರುತ್ತವೆ. ಶಾಲೆಯ ಪಾಠ ಹೆಚ್ಚಾಗಿ ಅಲ್ಲಿಗೇ ಮುಗಿಯುತ್ತದೆ. ಆದರೆ ಎಂಜಿನ್ನನ್ನು ಓಡಿಸುವುದು ಒಂದು ವಿದ್ಯೆಯಾದರೆ, ವೇಗವಾಗಿ ಓಡುವಾಗ ಅದು ನಡುಗದಂತೆ, ಹಳಿಯನ್ನು ಬಡಿಯದಂತೆ ನೋಡಿಕೊಳ್ಳುವುದು ಇನ್ನೊಂದು ವಿದ್ಯೆ. ಈ ಎರಡನೆಯ ವಿದ್ಯೆಗೆ ತಮ್ಮ ಆಯುಷ್ಯದ ಬಹುಭಾಗವನ್ನು ಕೊಟ್ಟವರಲ್ಲಿ ಇಂಗ್ಲೆಂಡಿನ ಸರ್ ಹರ್ಬರ್ಟ್ ನೈಜೆಲ್ ಗ್ರೆಸ್ಲಿಯವರು ಪ್ರಮುಖರು. ಫ್ಲೈಯಿಂಗ್ ಸ್ಕಾಟ್ಸ್‌ಮನ್ ಮತ್ತು ಮಲ್ಲಾರ್ಡ್ ಎಂಬ ಜಗತ್ಪ್ರಸಿದ್ಧ ರೈಲು ಎಂಜಿನ್ನುಗಳು ಅವರ ವಿನ್ಯಾಸಗಳೇ. ಅವರ ಜೀವನವನ್ನು ಓದಿದರೆ ಒಂದು ಒಳ್ಳೆಯ ಲೆಕ್ಕ ಕಾಗದದಿಂದ ಕಬ್ಬಿಣಕ್ಕೆ ಇಳಿಯುವಾಗ ಏನೇನು ಎದುರಿಸಬೇಕಾಗುತ್ತದೆ ಎಂಬುದು ನಮಗೆ ತಿಳಿಯುತ್ತದೆ.

ಬಾಲ್ಯ ಮತ್ತು ಕಲಿಕೆ

ಗ್ರೆಸ್ಲಿಯವರು 1876ರ ಜೂನ್ 19ರಂದು ಸ್ಕಾಟ್‌ಲೆಂಡಿನ ಎಡಿನ್‌ಬರೋದಲ್ಲಿ ಜನಿಸಿದರು. ತಂದೆ ನೆದರ್‌ಸೀಲ್ ಎಂಬ ಹಳ್ಳಿಯ ಚರ್ಚಿನಲ್ಲಿ ಪಾದ್ರಿಯಾಗಿದ್ದರು. ಬಾಲಕ ಬೆಳೆದದ್ದು ಆ ಹಳ್ಳಿಯಲ್ಲೇ. ಮಾರ್ಲ್‌ಬರೋ ಕಾಲೇಜಿನಲ್ಲಿ ಶಾಲಾ ಶಿಕ್ಷಣ ಮುಗಿಸಿದ ಮೇಲೆ ಅವರು 1893ರಲ್ಲಿ ಕ್ರೂ ಎಂಬ ಊರಿನ ರೈಲ್ವೆ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ಸೇರಿದರು. ಬಳಿಕ ಹಾರ್ವಿಚ್ ಕಾರ್ಖಾನೆಯಲ್ಲಿ ಜಾನ್ ಆಸ್ಪಿನಾಲ್ ಎಂಬ ಹಿರಿಯ ಎಂಜಿನಿಯರರ ಕೈಕೆಳಗೆ ಪಳಗಿದರು. ಕೈಗೆ ಎಣ್ಣೆ ಮಸಿ ಹತ್ತಿಸಿಕೊಂಡು ಕಲಿತ ವಿದ್ಯೆ ಅವರದು.

1905ರಲ್ಲಿ ಅವರು ಗ್ರೇಟ್ ನಾರ್ದರ್ನ್ ರೈಲ್ವೆಗೆ ಸೇರಿ ಬೋಗಿಗಳ ವಿಭಾಗದ ಮುಖ್ಯಸ್ಥರಾದರು. 1911ರಲ್ಲಿ ಹೆನ್ರಿ ಐವಾಟ್ ಅವರು ನಿವೃತ್ತರಾದಾಗ ಡಾನ್‌ಕಾಸ್ಟರ್ ಕಾರ್ಖಾನೆಯ ಎಂಜಿನ್ ವಿಭಾಗದ ಹೊಣೆ ಗ್ರೆಸ್ಲಿಯವರ ಹೆಗಲಿಗೆ ಬಂತು. ಆಗ ಅವರಿಗೆ ಕೇವಲ 35 ವರ್ಷ.

ಸಮಸ್ಯೆ ಏನಿತ್ತು?

ಓದುಗರೇ, ಇಲ್ಲಿ ಸ್ವಲ್ಪ ನಿಂತು ಸಮಸ್ಯೆಯನ್ನು ಅರ್ಥಮಾಡಿಕೊಳ್ಳೋಣ. ನಮ್ಮ ದೇಶದಲ್ಲಿ ಓಡಿದ ಡಬ್ಲ್ಯೂಪಿ, ವೈಪಿ ಮುಂತಾದ ಉಗಿ ಎಂಜಿನ್ನುಗಳನ್ನು ಹಿರಿಯರು ಕಂಡಿರುತ್ತಾರೆ. ಅವುಗಳಿಗೆ ಎರಡು ಸಿಲಿಂಡರು, ಎಡಕ್ಕೊಂದು, ಬಲಕ್ಕೊಂದು. ಸಿಲಿಂಡರಿನೊಳಗೆ ಪಿಸ್ಟನ್ ಹಿಂದೆ ಮುಂದೆ ಚಲಿಸುತ್ತದೆ, ಉದ್ದನೆಯ ದಂಡವೊಂದು ಆ ಚಲನೆಯನ್ನು ಚಕ್ರಕ್ಕೆ ಒಯ್ದು ತಿರುಗಿಸುತ್ತದೆ.

ಚಕ್ರದೊಡನೆ ಸುತ್ತುವ ಭಾಗಗಳ ತೂಕವನ್ನು ಸರಿದೂಗಿಸುವುದು ಸುಲಭ. ಚಕ್ರದ ಎದುರು ಬದಿಗೆ ಅಷ್ಟೇ ಪರಿಣಾಮದ ಕಬ್ಬಿಣದ ತುಂಡನ್ನು ಕೂರಿಸಿದರೆ ಸಾಕು, ತಕ್ಕಡಿಯ ಎರಡು ತಟ್ಟೆಗಳು ಸಮನಾದಂತೆ. ಆದರೆ ಪಿಸ್ಟನ್ ಸುತ್ತುವುದಿಲ್ಲ, ಹಿಂದೆ ಮುಂದೆ ಹೋಗುತ್ತದೆ. ಪ್ರತಿಸಲ ಅದು ನಿಂತು ಹಿಂತಿರುಗುವಾಗ ಇಡೀ ಎಂಜಿನ್ ಜಗ್ಗುತ್ತದೆ. ಈ ಜಗ್ಗುವಿಕೆಯನ್ನು ತಡೆಯಲು ಚಕ್ರದಲ್ಲಿ ಇನ್ನಷ್ಟು ತೂಕ ಸೇರಿಸಿದರೆ ಹಿಂದು ಮುಂದಿನ ಎಳೆತ ಕಡಿಮೆಯಾಗುತ್ತದೆ, ನಿಜ. ಆದರೆ ಆ ಹೆಚ್ಚಿನ ತೂಕ ಚಕ್ರದೊಡನೆ ಮೇಲೆ ಕೆಳಗೆ ಸುತ್ತುತ್ತಾ ಪ್ರತಿ ಸುತ್ತಿಗೂ ಹಳಿಯ ಮೇಲೆ ಒಂದು ಏಟು ಹಾಕುತ್ತದೆ. ಎಂಜಿನಿಯರರು ಇದನ್ನು ಸುತ್ತಿಗೆ ಏಟು ಎಂದೇ ಕರೆದರು. ವೇಗ ಎರಡರಷ್ಟಾದರೆ ಏಟು ನಾಲ್ಕರಷ್ಟಾಗುತ್ತದೆ. ಸೇತುವೆಗಳ ಮೇಲೆ ಈ ಏಟಿನ ಪರಿಣಾಮವನ್ನು ಅಳೆಯಲು ಬ್ರಿಟನ್ನಿನಲ್ಲಿ 1923ರಲ್ಲಿ ಒಂದು ವಿಶೇಷ ಸಮಿತಿಯನ್ನೇ ನೇಮಿಸಬೇಕಾಯಿತು. ಒಂದು ರೋಗಕ್ಕೆ ಕೊಟ್ಟ ಮದ್ದು ಇನ್ನೊಂದು ರೋಗ ತಂದಂತಾಗಿತ್ತು!

ಮೂರರ ಉತ್ತರ

ಇದಕ್ಕೆ ಉತ್ತರ ಸಿಲಿಂಡರುಗಳ ಸಂಖ್ಯೆಯನ್ನು ಹೆಚ್ಚಿಸುವುದು. ಗ್ರೇಟ್ ವೆಸ್ಟರ್ನ್ ರೈಲ್ವೆಯವರು ನಾಲ್ಕು ಸಿಲಿಂಡರುಗಳ ದಾರಿ ಹಿಡಿದರು. ಗ್ರೆಸ್ಲಿಯವರು ಮೂರನ್ನು ಆರಿಸಿಕೊಂಡರು. ಹೊರಗೆ ಎರಡು, ಚಕ್ರಗಳ ನಡುವೆ ಒಂದು. ಮೂರರ ಕ್ರ್ಯಾಂಕುಗಳು ಒಂದರಿಂದೊಂದು ಸುಮಾರು 120 ಡಿಗ್ರಿ ಕೋನದಲ್ಲಿ. ಹೀಗಿದ್ದಾಗ ಮೂರು ಪಿಸ್ಟನ್ನುಗಳ ಎಳೆತಗಳು ಬಹುಪಾಲು ಪರಸ್ಪರ ಕಳೆದುಹೋಗುತ್ತವೆ. ಅಕ್ಕಪಕ್ಕಕ್ಕೆ ತಿರುಚುವ ಸಣ್ಣ ಬಲವೊಂದು ಉಳಿಯುತ್ತದೆಯಾದರೂ ಚಕ್ರಕ್ಕೆ ಅಷ್ಟೊಂದು ತೂಕ ಕಟ್ಟಬೇಕಾಗಿಲ್ಲ. ಹಳಿಗೆ ಬೀಳುವ ಏಟೂ ಬಹಳ ಕಡಿಮೆ.

ಇನ್ನೊಂದು ಲಾಭವೂ ಇದೆ. ಒಂದೇ ಒರಳಿಗೆ ಇಬ್ಬರು ಹೆಂಗಸರು ಒನಕೆ ಹಾಕುವುದಕ್ಕೂ ಮೂವರು ಸರದಿಯಂತೆ ಹಾಕುವುದಕ್ಕೂ ಇರುವ ವ್ಯತ್ಯಾಸ ನಿಮಗೆ ಗೊತ್ತು. ಮೂವರಿದ್ದಾಗ ಏಟುಗಳ ನಡುವಿನ ಅಂತರ ಚಿಕ್ಕದು, ಕೆಲಸ ಸರಾಗ. ಎರಡು ಸಿಲಿಂಡರಿನ ಎಂಜಿನ್ ಚಕ್ರದ ಒಂದು ಸುತ್ತಿಗೆ ನಾಲ್ಕು ಸಲ ಒತ್ತಡ ಕೊಟ್ಟರೆ ಮೂರರದು ಆರು ಸಲ ಕೊಡುತ್ತದೆ. ಭಾರದ ಗಾಡಿಯನ್ನು ನಿಂತಲ್ಲಿಂದ ಎಳೆಯುವಾಗ ಚಕ್ರ ಜಾರುವುದು ಇದರಿಂದ ತಗ್ಗುತ್ತದೆ.

ಆದರೆ ತೊಡಕಿದ್ದದ್ದು ನಡುವಿನ ಸಿಲಿಂಡರಿನಲ್ಲಿ. ಪ್ರತಿ ಸಿಲಿಂಡರಿಗೂ ಉಗಿಯನ್ನು ಹೊತ್ತಿಗೆ ಸರಿಯಾಗಿ ಬಿಡುವ ಒಂದು ಕವಾಟ ಬೇಕು, ಆ ಕವಾಟವನ್ನು ಆಡಿಸಲು ಸನ್ನೆಕೋಲುಗಳ ಒಂದು ಜೋಡಣೆ ಬೇಕು. ಚಕ್ರಗಳ ಮಧ್ಯದ ಇಕ್ಕಟ್ಟಿನಲ್ಲಿ ಮೂರನೆಯ ಜೋಡಣೆಯನ್ನು ಕೂರಿಸುವುದೂ ಕಷ್ಟ, ಅದಕ್ಕೆ ಎಣ್ಣೆ ಹಾಕುವುದೂ ಕಷ್ಟ.

ಇಲ್ಲಿ ಗ್ರೆಸ್ಲಿಯವರಿಗೆ ನೆರವಾದದ್ದು ಗಣಿತ. 120 ಡಿಗ್ರಿ ಅಂತರದಲ್ಲಿ ಆಡುವ ಮೂರು ಕವಾಟಗಳ ಸ್ಥಾನಗಳನ್ನು ಯಾವ ಕ್ಷಣದಲ್ಲಿ ಕೂಡಿಸಿದರೂ ಮೊತ್ತ ಸೊನ್ನೆ. ಹಾಗಾದರೆ ಎರಡು ಕವಾಟಗಳು ಎಲ್ಲಿವೆ ಎಂದು ಗೊತ್ತಿದ್ದರೆ ಮೂರನೆಯದು ಎಲ್ಲಿರಬೇಕೆಂದು ತಾನಾಗಿಯೇ ಗೊತ್ತಾಗುತ್ತದೆ. ಈ ಕೂಡುವ ಕಳೆಯುವ ಲೆಕ್ಕವನ್ನು ಎರಡೇ ಸನ್ನೆಕೋಲುಗಳು ಮಾಡಬಲ್ಲವು. ಒಂದು ಉದ್ದನೆಯದು, ಅದರ ತೋಳುಗಳ ಅಳತೆ ಎರಡಕ್ಕೆ ಒಂದು. ಒಂದು ಬದಿಯ ಕವಾಟದ ಚಲನೆಯನ್ನು ಅದು ಅರ್ಧಕ್ಕಿಳಿಸಿ, ದಿಕ್ಕನ್ನು ತಿರುಗಿಸುತ್ತದೆ. ಅದರ ತುದಿಯಲ್ಲಿ ಸಮತೋಳಿನ ಚಿಕ್ಕ ಸನ್ನೆಕೋಲು. ಇದರ ಒಂದು ಕೊನೆ ಇನ್ನೊಂದು ಬದಿಯ ಕವಾಟಕ್ಕೆ, ಮತ್ತೊಂದು ಕೊನೆ ನಡುವಿನ ಕವಾಟಕ್ಕೆ. ನಡುವಿನ ಸಿಲಿಂಡರಿಗೆ ಪ್ರತ್ಯೇಕ ಜೋಡಣೆಯೇ ಬೇಡವಾಯಿತು.

ಗ್ರೆಸ್ಲಿಯವರು ತಮ್ಮ ಯೋಜನೆಗೆ 1915ರಲ್ಲಿ ಪೇಟೆಂಟ್ ಪಡೆದು, 1918ರಲ್ಲಿ 461ನೇ ಸಂಖ್ಯೆಯ ಸರಕು ಎಂಜಿನ್ನಿನಲ್ಲಿ ಪ್ರಯೋಗಿಸಿದರು. ಆ ಮೊದಲ ರೂಪ ಸ್ವಲ್ಪ ಜಟಿಲವಾಗಿತ್ತು. ಹೆರಾಲ್ಡ್ ಹಾಲ್‌ಕ್ರಾಫ್ಟ್ ಎಂಬ ಬೇರೊಂದು ರೈಲ್ವೆಯ ಎಂಜಿನಿಯರರು ಇಂಥದೇ ವಿಷಯದಲ್ಲಿ 1909ರಲ್ಲಿಯೇ ಪೇಟೆಂಟ್ ಪಡೆದಿದ್ದರು. ಗ್ರೆಸ್ಲಿಯವರು ಅವರನ್ನು ಕರೆಸಿ ಮಾತನಾಡಿ, ಅವರ ಸಲಹೆಯನ್ನು ಸ್ವೀಕರಿಸಿದರು. 1920ರಲ್ಲಿ ಹೊರಬಂದ 1000ನೇ ಸಂಖ್ಯೆಯ ಎಂಜಿನ್ನಿನಲ್ಲಿ ಸರಳವಾದ ರೂಪ ಬಳಕೆಗೆ ಬಂತು. ದೊಡ್ಡ ಹುದ್ದೆಯಲ್ಲಿದ್ದವರು ಹೊರಗಿನವರ ಮಾತು ಕೇಳಿದ್ದು ಗಮನಿಸಬೇಕಾದ ಗುಣ.

ಕೀರ್ತಿಯ ವರ್ಷಗಳು

1922ರಲ್ಲಿ ಗ್ರೇಟ್ ನಾರ್ದರ್ನ್ ಎಂಬ ಹೆಸರಿನ ದೊಡ್ಡ ಎಂಜಿನ್ ಡಾನ್‌ಕಾಸ್ಟರಿನಿಂದ ಹೊರಬಂತು. ಮರುವರ್ಷ ಹಲವು ರೈಲ್ವೆಗಳು ಒಂದಾಗಿ ಲಂಡನ್ ಆ್ಯಂಡ್ ನಾರ್ತ್ ಈಸ್ಟರ್ನ್ ರೈಲ್ವೆಯಾದಾಗ ಗ್ರೆಸ್ಲಿಯವರು ಅದರ ಮುಖ್ಯ ಮೆಕ್ಯಾನಿಕಲ್ ಎಂಜಿನಿಯರರಾದರು. ಅದೇ 1923ರ ಫೆಬ್ರವರಿಯಲ್ಲಿ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಹಳಿಗಿಳಿಯಿತು.

1925ರಲ್ಲಿ ಒಂದು ಪರೀಕ್ಷೆ ಎದುರಾಯಿತು. ಗ್ರೇಟ್ ವೆಸ್ಟರ್ನ್‌ನ ನಾಲ್ಕು ಸಿಲಿಂಡರಿನ ಕ್ಯಾಸಲ್ ಎಂಜಿನ್ನಿಗೂ ಗ್ರೆಸ್ಲಿಯವರ ಮೂರು ಸಿಲಿಂಡರಿನ ಎಂಜಿನ್ನಿಗೂ ಪರಸ್ಪರರ ಮಾರ್ಗಗಳಲ್ಲಿ ಓಟ ಏರ್ಪಟ್ಟಿತು. ಗಾತ್ರದಲ್ಲಿ ಚಿಕ್ಕದಾದ ಕ್ಯಾಸಲ್ ಕಡಿಮೆ ಕಲ್ಲಿದ್ದಲು ತಿಂದು ಹೆಚ್ಚು ಚೆನ್ನಾಗಿ ಓಡಿತು. ಅದರ ಕವಾಟಗಳ ಚಲನೆಯ ಉದ್ದ ಹೆಚ್ಚಾಗಿದ್ದದ್ದು ಇದಕ್ಕೆ ಮುಖ್ಯ ಕಾರಣವಾಗಿತ್ತು. ಗ್ರೆಸ್ಲಿಯವರು ತಮ್ಮ ಎಂಜಿನ್ನುಗಳ ಕವಾಟ ಚಲನೆಯನ್ನು ತಿದ್ದಿಸಿದರು, ಕಲ್ಲಿದ್ದಲಿನ ಖರ್ಚು ಇಳಿಯಿತು. 1928ರ ಮೇ ತಿಂಗಳಿನಿಂದ ಅವರ ಎಂಜಿನ್ನುಗಳು ಲಂಡನ್ನಿನಿಂದ ಎಡಿನ್‌ಬರೋವರೆಗೆ ಸುಮಾರು 632 ಕಿಲೋಮೀಟರನ್ನು ಎಲ್ಲೂ ನಿಲ್ಲದೆ ಓಡತೊಡಗಿದವು. 1934ರ ನವೆಂಬರ್ 30ರಂದು ಫ್ಲೈಯಿಂಗ್ ಸ್ಕಾಟ್ಸ್‌ಮನ್ ಗಂಟೆಗೆ 100 ಮೈಲು ವೇಗವನ್ನು ಅಧಿಕೃತವಾಗಿ ದಾಖಲಿಸಿತು. 1935ರಲ್ಲಿ ಗಾಳಿಯನ್ನು ಸೀಳುವ ಹೊದಿಕೆಯ ಹೊಸ ಎಂಜಿನ್ನುಗಳು ಬಂದವು. 1936ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು.

1938ರ ಜುಲೈ 3ರಂದು ಮಲ್ಲಾರ್ಡ್ ಎಂಜಿನ್ ಏಳು ಗಾಡಿಗಳನ್ನು ಎಳೆದುಕೊಂಡು ಸ್ಟೋಕ್ ಇಳಿಜಾರಿನಲ್ಲಿ ಗಂಟೆಗೆ 126 ಮೈಲು, ಅಂದರೆ ಸುಮಾರು 203 ಕಿಲೋಮೀಟರ್ ವೇಗ ಮುಟ್ಟಿತು. ಉಗಿ ಎಂಜಿನ್ನಿನ ಆ ವಿಶ್ವದಾಖಲೆ ಇಂದಿಗೂ ಮುರಿದಿಲ್ಲ. ಚಾಲಕ ಜೋಸೆಫ್ ಡಡಿಂಗ್‌ಟನ್, ಬೆಂಕಿ ಉರಿಸಿದವರು ಥಾಮಸ್ ಬ್ರೇ. ಆ ವೇಗದಲ್ಲಿ ಆರು ಅಡಿ ಎಂಟು ಅಂಗುಲದ ಚಕ್ರ ಸೆಕೆಂಡಿಗೆ ಸುಮಾರು ಒಂಬತ್ತು ಸುತ್ತು ಸುತ್ತುತ್ತಿತ್ತು. ಮೂರೂ ಪಿಸ್ಟನ್ನುಗಳು ಅಷ್ಟೇ ಸಲ ಹೋಗಿ ಬರುತ್ತಿದ್ದವು. ಸಮತೋಲನವಿಲ್ಲದ ಯಂತ್ರಕ್ಕೆ ಇದು ಸಾಧ್ಯವಿತ್ತೇ, ನೀವೇ ಯೋಚಿಸಿ.

ದೀಪದ ಕೆಳಗಿನ ಕತ್ತಲೆ

ಆದರೆ ಅದೇ ದಿನ ಮಲ್ಲಾರ್ಡ್ ಲಂಡನ್ ತಲುಪಲಿಲ್ಲ. ನಡುವಿನ ಸಿಲಿಂಡರಿನ ದಂಡ ಕ್ರ್ಯಾಂಕನ್ನು ಹಿಡಿಯುವ ಬೇರಿಂಗ್ ಕಾದುಹೋಗಿ, ಎಂಜಿನ್ನನ್ನು ಪೀಟರ್‌ಬರೋದಲ್ಲಿ ಬಿಡಿಸಬೇಕಾಯಿತು. ಇದು ಆಕಸ್ಮಿಕವಲ್ಲ. ಈ ಬೇರಿಂಗ್ ಕಾಯಬಹುದೆಂದು ಮೊದಲೇ ಗೊತ್ತಿತ್ತು. ಕಾದಾಗ ಒಡೆದು ಚಾಲಕನ ಮೂಗಿಗೆ ಸೋಂಪಿನ ವಾಸನೆ ಬಡಿಯುವಂಥ ಗುಳಿಗೆಯನ್ನು ಅಲ್ಲಿ ಇಡುತ್ತಿದ್ದರು.

ಕಾರಣವೇನು? ಲೆಕ್ಕದಲ್ಲಿ ಸನ್ನೆಕೋಲು ಬಾಗುವುದಿಲ್ಲ, ಮೊಳೆ ಸವೆಯುವುದಿಲ್ಲ. ಆದರೆ ಕಬ್ಬಿಣ ಬಾಗುತ್ತದೆ, ಬಿಸಿಗೆ ಹಿಗ್ಗುತ್ತದೆ, ಸವೆಯುತ್ತದೆ. ಎರಡು ಹೊರ ಕವಾಟಗಳ ಚಲನೆಯಲ್ಲಿದ್ದ ಸಣ್ಣ ಸಣ್ಣ ಸಡಿಲಗಳೆಲ್ಲ ಸೇರಿ ಮೂರನೆಯ ಕವಾಟದಲ್ಲಿ ದೊಡ್ಡದಾಗಿ ಕಾಣಿಸಿಕೊಳ್ಳುತ್ತಿದ್ದವು. ಹೆಚ್ಚಿನ ವೇಗದಲ್ಲಿ ಆ ಕವಾಟ ಬೇಕಾದುದಕ್ಕಿಂತ ಹೆಚ್ಚು ತೆರೆದು, ನಡುವಿನ ಸಿಲಿಂಡರು ತನ್ನ ಪಾಲಿಗಿಂತ ಹೆಚ್ಚು ದುಡಿಯುತ್ತಿತ್ತು. ಮೂರು ಸಮಾನ ಸೋದರರಲ್ಲಿ ಒಬ್ಬನ ಮೇಲೆಯೇ ಮನೆಯ ಭಾರ ಬಿದ್ದಂತೆ.

ಶಾಂತಿಕಾಲದಲ್ಲಿ ನುರಿತ ಕೆಲಸಗಾರರು ಈ ಸಡಿಲಗಳನ್ನು ಆಗಾಗ ಸರಿಪಡಿಸುತ್ತಿದ್ದರು. ಎರಡನೆಯ ಮಹಾಯುದ್ಧ ಬಂದಾಗ ಆ ಕೈಗಳೂ ಇಲ್ಲ, ಸಮಯವೂ ಇಲ್ಲ. ಗ್ರೆಸ್ಲಿಯವರು 1941ರ ಏಪ್ರಿಲ್ 5ರಂದು, ಇನ್ನೂ ಸೇವೆಯಲ್ಲಿರುವಾಗಲೇ ತೀರಿಕೊಂಡರು. ನೆದರ್‌ಸೀಲ್‌ನಲ್ಲಿ ಅವರನ್ನು ಮಣ್ಣು ಮಾಡಲಾಯಿತು. ನಂತರ ಬಂದ ಎಡ್ವರ್ಡ್ ಥಾಮ್ಸನ್ ಅವರು ಬೇರೊಂದು ರೈಲ್ವೆಯ ತಜ್ಞರಿಂದ ಪರಿಶೀಲನೆ ಮಾಡಿಸಿದರು. ತತ್ತ್ವ ಸರಿಯೇ, ಆದರೆ ನಿತ್ಯದ ಬಳಕೆಗೆ ಇದು ತಕ್ಕುದಲ್ಲ, ಮುಂದೆ ಇದನ್ನು ಬಳಸಬಾರದು ಎಂಬುದು 1942ರ ಆ ವರದಿಯ ತಾತ್ಪರ್ಯ. 1945ರಲ್ಲಿ ಗ್ರೇಟ್ ನಾರ್ದರ್ನ್ ಎಂಜಿನ್ನನ್ನೇ ಬಿಚ್ಚಿ, ಮೂರು ಸಿಲಿಂಡರಿಗೂ ಪ್ರತ್ಯೇಕ ಜೋಡಣೆ ಕೊಟ್ಟು ಮರುನಿರ್ಮಿಸಲಾಯಿತು. ಮೂರು ಸಿಲಿಂಡರುಗಳ ವಿಚಾರ ಮಾತ್ರ ಹಾಗೆಯೇ ಉಳಿಯಿತು ಎಂಬುದನ್ನು ಮರೆಯುವಂತಿಲ್ಲ.

ಕಥೆ ಇಲ್ಲಿಗೆ ಮುಗಿಯಲಿಲ್ಲ. 1951ರಲ್ಲಿ ಗ್ರೇಟ್ ವೆಸ್ಟರ್ನ್ ಪರಂಪರೆಯಲ್ಲಿ ಪಳಗಿದ ಕೆನೆತ್ ಕುಕ್ ಎಂಬವರು ಡಾನ್‌ಕಾಸ್ಟರಿನ ಹೊಣೆ ಹೊತ್ತರು. ಅವರು ಗ್ರೆಸ್ಲಿಯವರ ಜೋಡಣೆಯನ್ನು ಕಿತ್ತುಹಾಕಲಿಲ್ಲ. ಬೆಳಕಿನ ಕಿರಣದ ಉಪಕರಣಗಳಿಂದ ಚೌಕಟ್ಟನ್ನು ಕೂದಲೆಳೆಯಷ್ಟೂ ತಪ್ಪದಂತೆ ಅಳೆಯುವ ಕ್ರಮ ತಂದರು, ನಡುವಿನ ಬೇರಿಂಗಿನ ರೂಪವನ್ನು ಬದಲಿಸಿದರು. ಅದೇ ಎಂಜಿನ್ನುಗಳ ತೊಂದರೆ ಬಹಳಷ್ಟು ಇಳಿಯಿತು. ಅವುಗಳಲ್ಲಿ ಕೆಲವು 1966ರವರೆಗೂ ಸ್ಕಾಟ್‌ಲೆಂಡಿನಲ್ಲಿ ಪ್ರಯಾಣಿಕರನ್ನು ಹೊತ್ತು ಓಡಿದವು. ಮಲ್ಲಾರ್ಡ್ ಈಗ ಯಾರ್ಕ್ ನಗರದ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯದ ಆಸ್ತಿ.

ಓದುಗ ಮಿತ್ರರೇ, ಹಾಗಾದರೆ ಗ್ರೆಸ್ಲಿಯವರು ಗೆದ್ದರೇ, ಸೋತರೇ? ಅವರ ಲೆಕ್ಕ ತಪ್ಪಿರಲಿಲ್ಲ. ಯಂತ್ರ ಬೇಡಿದ್ದು ದಿನವೂ ಅದನ್ನು ನೋಡಿಕೊಳ್ಳುವ ಕೈಗಳನ್ನು. ಆ ಕೈಗಳಿದ್ದಾಗ ಅದು ಜಗತ್ತನ್ನೇ ಹಿಂದೆ ಹಾಕಿತು, ಇಲ್ಲದಾಗ ಸೊರಗಿತು, ಮತ್ತೆ ದೊರೆತಾಗ ಚೇತರಿಸಿಕೊಂಡಿತು. ಎಂಜಿನಿಯರಿಂಗ್ ಓದುವ ಕನಸು ಕಾಣುವ ನಮ್ಮ ಮಕ್ಕಳಿಗೆ ಸಮೀಕರಣ ಬಿಡಿಸುವುದನ್ನು ಕಲಿಸೋಣ. ಅದರ ಜೊತೆಗೆ, ತಾವು ಮಾಡಿದ ವಸ್ತುವಿಗೆ ನಾಳೆ ಎಣ್ಣೆ ಹಾಕುವವನು ಯಾರು, ಅವನ ಕೈ ಅಲ್ಲಿಗೆ ತಲುಪುತ್ತದೆಯೇ ಎಂದು ಕೇಳಿಕೊಳ್ಳುವುದನ್ನೂ ಕಲಿಸೋಣ.