ಕೆನೆತ್ ಆಂಡರ್ಸನ್: ಕೋವಿ ಉಳಿಯಿತು, ತೋಟಾ ನಿಂತಿತು

ಕಲಬುರಗಿ: ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕಾಡಿನ ಕಥೆಗಳನ್ನು ಓದಿದವರಿಗೆ ಕೆನೆತ್ ಆಂಡರ್ಸನ್ ಅಪರಿಚಿತರಲ್ಲ. ನರಭಕ್ಷಕಗಳ ಬೆನ್ನುಹತ್ತಿದ ಬೆಂಗಳೂರಿನ ಬೇಟೆಗಾರನೆಂದೇ ಅವರು ಪ್ರಸಿದ್ಧರು. ಆದರೆ ಅವರು ಹುಟ್ಟಿದ್ದು 1910ರ ಮಾರ್ಚ್ 8ರಂದು, ಸಿಕಂದರಾಬಾದ್ ಬಳಿಯ ಬೊಲಾರಂನಲ್ಲಿ. ಆಳಂದ, ಅಫಜಲಪುರ, ಜೇವರ್ಗಿಗಳು ಕೂಡ ಆಗ ನಿಜಾಮರ ಆಳ್ವಿಕೆಯಲ್ಲೇ ಇದ್ದವು. ಆ ಲೆಕ್ಕದಲ್ಲಿ ಅವರು ಈ ಸೀಮೆಗೆ ನೆರೆಯವರೇ.

ಸ್ಕಾಟಿಷ್ ಮೂಲದ ಅವರ ಕುಟುಂಬ ತಲೆಮಾರುಗಳಿಂದ ಭಾರತದಲ್ಲಿ ನೆಲೆಸಿತ್ತು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆ ಹಾಗೂ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ವಿದ್ಯಾಭ್ಯಾಸ ಮಾಡಿದ ಆಂಡರ್ಸನ್ ಅಂಚೆ ಮತ್ತು ತಂತಿ ಇಲಾಖೆಯಲ್ಲಿಯೂ, ಬಳಿಕ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿಯೂ ಉದ್ಯೋಗದಲ್ಲಿದ್ದರು. ಬಿಡುವಿನ ವೇಳೆಯೆಲ್ಲ ಕಾಡಿಗೆ ಮೀಸಲು. 1939ರಿಂದ 1966ರ ಅವಧಿಯಲ್ಲಿ ಅವರು 8 ಚಿರತೆ ಮತ್ತು 7 ಹುಲಿಗಳನ್ನು ನರಭಕ್ಷಕಗಳೆಂಬ ಕಾರಣಕ್ಕೆ ಕೊಂದರೆಂದು ಸರ್ಕಾರಿ ದಾಖಲೆಗಳಲ್ಲಿ ನಮೂದಾಗಿದೆ. ಅವರ ಮೊದಲ ಪುಸ್ತಕ ಪ್ರಕಟವಾದದ್ದು 1954ರಲ್ಲಿ.

ಸಂಗಾತಿಯಾಗಿದ್ದ ಕೋವಿ

ಈ ಸಾಹಸಗಳಲ್ಲಿ ಅವರ ಮೆಚ್ಚಿನ ಆಯುಧ .405 ವಿಂಚೆಸ್ಟರ್ ರೈಫಲ್. ಜಾನ್ ಬ್ರೌನಿಂಗ್ ವಿನ್ಯಾಸಗೊಳಿಸಿದ 1895ರ ಮಾದರಿಯ ಕೋವಿಗಾಗಿ 1904ರಲ್ಲಿ ಈ ತೋಟಾ ಅಮೆರಿಕದಲ್ಲಿ ಬಳಕೆಗೆ ಬಂತು. ಅಧ್ಯಕ್ಷ ಪದವಿಯಿಂದ ನಿವೃತ್ತರಾದ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಒಯ್ದದ್ದೂ ಇದನ್ನೇ. ಸುಮಾರು 19 ಗ್ರಾಂ ತೂಕದ ಗುಂಡು, ಸುಮಾರು 6.5 ಸೆಂ.ಮೀ. ಉದ್ದದ ಹಿತ್ತಾಳೆ ಕವಚ.

ಬೇಟೆಗಾರನ ಜೀವ ಹುಲಿಯೆದುರು ಎಷ್ಟು ಅಪಾಯದಲ್ಲಿತ್ತೋ, ಈ ಹಿತ್ತಾಳೆ ಕವಚವನ್ನೂ ಅಷ್ಟೇ ಅವಲಂಬಿಸಿತ್ತು. ತೋಟಾ ಕೂರುವ ನಳಿಗೆಯ ಹಿಂತುದಿಯ ಗೂಡಿಗೆ ಚೇಂಬರ್ ಎನ್ನುತ್ತಾರೆ. ಮದ್ದು ಹೊತ್ತಿದೊಡನೆ ಕವಚ ಹಿಗ್ಗಿ ಚೇಂಬರಿನ ಗೋಡೆಗೆ ಅಂಟಿಕೊಂಡು, ಬಿಸಿ ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಕವಚದ ಹಿಂಬದಿಯಲ್ಲಿ ಎಡೆ ಹೆಚ್ಚಾದರೆ ಹಿತ್ತಾಳೆ ಎಳೆದು ಬುಡದಲ್ಲಿ ಹರಿಯುತ್ತದೆ. ಅನಿಲ ಹಾರಿಸಿದವನ ಮುಖಕ್ಕೇ ಬಡಿಯಬಹುದು. ಕವಚ ಉದ್ದವಾದರೆ ಅದರ ಬಾಯಿ ಗುಂಡನ್ನು ಬಿಗಿಹಿಡಿದು ಒತ್ತಡ ಮಿತಿಮೀರುತ್ತದೆ.

ಕೈಗೆಟುಕದ ತೋಟಾ

1930ರ ದಶಕದಲ್ಲಿ ಈ ರೈಫಲಿನ ತಯಾರಿಕೆ ನಿಂತಿತು. 1950ರ ದಶಕದಲ್ಲಿ ತೋಟಾದ ತಯಾರಿಕೆಯೂ ನಿಂತಿತು. ಕೋವಿಗಳು ಮಾತ್ರ ಉಳಿದವು. ಅಮೆರಿಕದ ಹವ್ಯಾಸಿಗಳು ಬೇರೆ ತೋಟಾಗಳ ಕವಚವನ್ನು ಅಚ್ಚಿಗೆ ಹಾಕಿ, ಅಳತೆಗೆ ಕತ್ತರಿಸಿ, ಕಡಿಮೆ ಮದ್ದು ತುಂಬಿ ಹಾರಿಸಿ, ಚೇಂಬರಿನ ಆಕಾರಕ್ಕೆ ತರುವ ಕಲೆಯನ್ನು ರೂಢಿಸಿಕೊಂಡರು. ಮೊದಲು ಚೇಂಬರಿನ ಅಳತೆ, ಅನಂತರವೇ ಕವಚ ಎಂಬುದು ಅಲ್ಲಿನ ಮೊದಲ ಪಾಠ. ಸರಿಸುಮಾರು ಹೊಂದುವುದು ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ. 2000ದ ದಶಕದ ಆರಂಭದಲ್ಲಿ ರೈಫಲ್, ತೋಟಾ ಎರಡೂ ಮತ್ತೆ ಮಾರುಕಟ್ಟೆಗೆ ಬಂದವು.

ಅದನ್ನು ನೋಡಲು ಆಂಡರ್ಸನ್ ಇರಲಿಲ್ಲ. ಬಾಳಿನ ಕೊನೆಯ ಭಾಗದಲ್ಲಿ ಅವರ ಒಲವು ಬೇಟೆಗಿಂತ ಹೆಚ್ಚಾಗಿ ವನ್ಯಜೀವಿಗಳ ಉಳಿವಿನತ್ತ ತಿರುಗಿತ್ತು. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ 1972ರ ಎರಡು ವರ್ಷಗಳ ಬಳಿಕ, 1974ರ ಆಗಸ್ಟ್ 30ರಂದು ಅವರು ಬೆಂಗಳೂರಿನಲ್ಲಿ ಕ್ಯಾನ್ಸರ್‌ನಿಂದ ನಿಧನರಾದರು.

ಅವರ ಕಥೆಗಳು ಇಂದಿಗೂ ಮನೆಮನೆಗಳಲ್ಲಿವೆ. ಅಜ್ಜನ ಕಾಲದ ಪರವಾನಗಿ ಕೋವಿಯೂ ಕೆಲವು ಮನೆಗಳಲ್ಲಿ ಉಳಿದಿರಬಹುದು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ಅಪರಾಧ. ಕಾನೂನು ಒತ್ತಟ್ಟಿಗಿರಲಿ, ಕೋವಿಯ ಮೇಲೆ ಕೆತ್ತಿದ ಹೆಸರಿನದ್ದಲ್ಲದ ತೋಟಾ ಚೇಂಬರಿನೊಳಗೆ ಸಲೀಸಾಗಿ ಇಳಿದರೂ ಅದು ಹೊಂದಿತೆಂದು ಅರ್ಥವಲ್ಲ. ಹುಲಿ ಕನಿಷ್ಠ ಗರ್ಜಿಸಿ ಎಚ್ಚರಿಸುತ್ತದೆ. ಅಳತೆ ತಪ್ಪಿದ ಹಿತ್ತಾಳೆಗೆ ಆ ಸೌಜನ್ಯವೂ ಇಲ್ಲ.