ತೋಳಮರಿಗಳ ಪಾಠಶಾಲೆ ಕಟ್ಟಿದ ಬೇಡನ್ ಪೊವೆಲ್
ಮಗನನ್ನು ಕಬ್‌ಗೆ ಸೇರಿಸುವ ಪಾಲಕರು ತಿಳಿದಿರಬೇಕಾದ ಒಂದು ಬದುಕು

ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಪ್ರಾಥಮಿಕ ತರಗತಿಯ ಮಕ್ಕಳ ಡೈರಿಯಲ್ಲಿ ಬರುವ ಚೀಟಿಗಳಲ್ಲಿ ಕೆಲವು ಶಾಲೆಗಳಲ್ಲಿ ಕಬ್ ಘಟಕದ್ದೂ ಒಂದಿರುತ್ತದೆ. ಸಮವಸ್ತ್ರಕ್ಕೆ ಇಷ್ಟು, ಕೊರಳಿನ ಸ್ಕಾರ್ಫಿಗೆ ಇಷ್ಟು, ಶಾಲೆ ಬಿಟ್ಟ ಮೇಲೆ ಇಷ್ಟು ಹೊತ್ತು ಎಂದು ಅದರಲ್ಲಿ ಬರೆದಿರುತ್ತಾರೆ. ನಮ್ಮ ಸಂಘಗಳ ಅರಸಿನ ಕುಂಕುಮ ಕಾರ್ಯಕ್ರಮಗಳಲ್ಲಿ, ವಾರ್ಷಿಕೋತ್ಸವದ ಊಟದ ಸಾಲಿನಲ್ಲಿ ಎಳೆಯ ತಾಯಂದಿರು ಈ ಬಗ್ಗೆ ಒಬ್ಬರನ್ನೊಬ್ಬರು ವಿಚಾರಿಸುವುದುಂಟು. ಓದಿಗೆ ತೊಂದರೆಯಾಗುವುದಿಲ್ಲವೇ? ಶಿಬಿರಕ್ಕೆ ಕಳುಹಿಸುವುದು ಕ್ಷೇಮವೇ? ಹಗ್ಗಕ್ಕೆ ಗಂಟು ಹಾಕುವುದನ್ನು ಕಲಿತು ಏನಾಗಬೇಕಾಗಿದೆ? ಇವೆಲ್ಲ ನ್ಯಾಯವಾದ ಪ್ರಶ್ನೆಗಳೇ. ಸಹಿ ಹಾಕುವ ಮೊದಲು ಈ ಚಳವಳಿಯನ್ನು ಕಟ್ಟಿದ ಮನುಷ್ಯನ ಬದುಕನ್ನೊಮ್ಮೆ ನೋಡಿದರೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ.

ರಾಬರ್ಟ್ ಸ್ಟೀಫನ್‌ಸನ್ ಸ್ಮಿತ್ ಬೇಡನ್ ಪೊವೆಲ್ ಹುಟ್ಟಿದ್ದು 1857ರ ಫೆಬ್ರವರಿ 22ರಂದು, ಲಂಡನ್ನಿನಲ್ಲಿ. ತಂದೆ ಆಕ್ಸ್‌ಫರ್ಡಿನಲ್ಲಿ ಗಣಿತದ ಪ್ರಾಧ್ಯಾಪಕರು, ಪಾದ್ರಿಗಳೂ ಹೌದು. ಮಗನಿಗೆ ಮೂರು ವರ್ಷ ತುಂಬಿದ್ದಾಗ ಅವರು ತೀರಿಕೊಂಡರು. ದೊಡ್ಡ ಸಂಸಾರದ ಭಾರವೆಲ್ಲ ತಾಯಿ ಹೆನ್ರಿಯೆಟಾ ಗ್ರೇಸ್ ಅವರ ಮೇಲೆ ಬಿತ್ತು. ಆಕೆ ಗಟ್ಟಿ ಹೆಂಗಸು, ಮಹತ್ವಾಕಾಂಕ್ಷಿ. ಅಣ್ಣಂದಿರು ತಮ್ಮನನ್ನು ದೋಣಿಯಲ್ಲಿ ಕರೆದೊಯ್ದು ಅಡುಗೆಯಿಂದ ಹಿಡಿದು ಹಾಯಿ ಕಟ್ಟುವವರೆಗೆ ಎಲ್ಲ ಕೆಲಸಕ್ಕೂ ಹಚ್ಚುತ್ತಿದ್ದರು.

ಚಾರ್ಟರ್‌ಹೌಸ್ ಎಂಬ ಹೆಸರಾಂತ ಶಾಲೆಯಲ್ಲಿ ಅವರ ಓದು ನಡೆಯಿತು. ತರಗತಿಯಲ್ಲಿ ಅವರು ಮೊದಲಿಗರೇನಾಗಿರಲಿಲ್ಲ. ಚಿತ್ರ ಬಿಡಿಸುವುದರಲ್ಲಿ, ನಾಟಕದಲ್ಲಿ ಮುಂದು. ಶಾಲೆಯ ಹಿಂದೆ ಒಂದು ಸಣ್ಣ ಕಾಡಿತ್ತು, ಹುಡುಗರು ಅತ್ತ ಹೋಗಕೂಡದೆಂಬ ಕಟ್ಟಪ್ಪಣೆಯಿತ್ತು. ಬಾಲಕ ಬೇಡನ್ ಪೊವೆಲ್ ಕದ್ದು ಅಲ್ಲಿಗೇ ಹೋಗುತ್ತಿದ್ದರು. ಮೊಲ ಹಿಡಿದು, ಮೇಷ್ಟರ ಕಣ್ಣಿಗೆ ಹೊಗೆ ಕಾಣಿಸದಷ್ಟು ಚಿಕ್ಕ ಬೆಂಕಿಯಲ್ಲಿ ಬೇಯಿಸಿಕೊಳ್ಳುತ್ತಿದ್ದರು. ಮುಂದೆ ಜಗತ್ತಿನ ಮಕ್ಕಳಿಗೆಲ್ಲ ಅವರು ಕಲಿಸಿದ ಪಾಠದಲ್ಲಿ ಬಹುಪಾಲು ಈ ನಿಷೇಧಿತ ಕಾಡಿನಲ್ಲಿ ಕಲಿತದ್ದು. ಆಕ್ಸ್‌ಫರ್ಡ್ ಪ್ರವೇಶ ಅವರಿಗೆ ಸಿಗಲಿಲ್ಲ. ಆದರೆ ಸೈನ್ಯದ ಪರೀಕ್ಷೆಗೆ ಕುಳಿತಾಗ ಕುದುರೆ ಸೈನ್ಯದ ಪಟ್ಟಿಯಲ್ಲಿ ಎರಡನೆಯವರಾಗಿ ತೇರ್ಗಡೆಯಾದರು. ಅಂಕಪಟ್ಟಿಯೊಂದನ್ನೇ ಹಿಡಿದು ಮಗುವಿನ ಭವಿಷ್ಯ ಹೇಳುವವರು ಇದನ್ನು ಗಮನಿಸಬಹುದು.

1876ರಲ್ಲಿ ಹತ್ತೊಂಬತ್ತರ ತರುಣ ಅಧಿಕಾರಿಯಾಗಿ ಅವರು ಬಂದಿಳಿದದ್ದು ನಮ್ಮ ದೇಶಕ್ಕೆ. ಹದಿಮೂರನೇ ಹುಸ್ಸಾರ್ಸ್ ಪಡೆ ಆಗ ಲಕ್ನೋದಲ್ಲಿತ್ತು. ಕುದುರೆಯ ಮೇಲೆ ಕುಳಿತು ಭರ್ಚಿಯಿಂದ ಕಾಡುಹಂದಿ ಬೇಟೆಯಾಡುವ ಸ್ಪರ್ಧೆಯಲ್ಲಿ 1883ರ ಕಾದಿರ್ ಕಪ್ ಗೆದ್ದು ಹೆಸರಾದರು. ಅದಕ್ಕಿಂತ ಮುಖ್ಯವಾದದ್ದು ಅವರ ಎರಡನೇ ಸರದಿ. 1897ರಿಂದ ಮೀರತ್‌ನಲ್ಲಿ ಅಶ್ವದಳವೊಂದರ ಮುಖ್ಯಸ್ಥರಾಗಿದ್ದಾಗ ಅವರು ಸಿಪಾಯಿಗಳಿಗೆ ಬೇಹಿನ ಕೆಲಸ ಕಲಿಸಲು ಹೊಸ ಕ್ರಮ ಹಿಡಿದರು. ನೂರಾರು ಜನರನ್ನು ಸಾಲಾಗಿ ನಿಲ್ಲಿಸಿ ಭಾಷಣ ಮಾಡುವ ಬದಲು ಸಣ್ಣ ಸಣ್ಣ ಗುಂಪು ಮಾಡಿ ಪ್ರತಿ ಗುಂಪಿಗೂ ಜವಾಬ್ದಾರಿ ಒಪ್ಪಿಸಿದರು. ತರಬೇತಿ ಮುಗಿಸಿದವರಿಗೆ ದಿಕ್ಸೂಚಿಯ ಉತ್ತರದ ಮುಳ್ಳಿನ ಆಕಾರದ ಬಿಲ್ಲೆ ಕೊಟ್ಟರು. ಇಂದಿಗೂ ಸ್ಕೌಟ್ ಲಾಂಛನದಲ್ಲಿ ಕಾಣುವುದು ಅದೇ ಆಕಾರ. ಈ ಪಾಠಗಳನ್ನೆಲ್ಲ ಸೇರಿಸಿ ಸೈನಿಕರಿಗಾಗಿ ಅವರು ಬರೆದ ಚಿಕ್ಕ ಪುಸ್ತಕ 1899ರಲ್ಲಿ ಪ್ರಕಟವಾಯಿತು.

ಅದೇ ವರ್ಷ ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಯುದ್ಧ ಆರಂಭವಾಗಿ ಮಾಫೆಕಿಂಗ್ ಎಂಬ ಸಣ್ಣ ಪೇಟೆಯನ್ನು ಕಾಯುವ ಹೊಣೆ ಅವರ ಪಾಲಿಗೆ ಬಂತು. ಬೋಯರರ ಮುತ್ತಿಗೆ 217 ದಿನ ನಡೆಯಿತು. ಕೈಯಲ್ಲಿದ್ದ ಸೈನಿಕರು ಸಾಲದೆ ಬಂದಾಗ ಪೇಟೆಯ ಹುಡುಗರ ಒಂದು ಪಡೆಯನ್ನು ಕಟ್ಟಲಾಯಿತು. ಕಟ್ಟಿದವರು ಬೇಡನ್ ಪೊವೆಲ್ ಅಲ್ಲ, ಅವರ ಕೈಕೆಳಗಿನ ಅಧಿಕಾರಿ ಲಾರ್ಡ್ ಎಡ್ವರ್ಡ್ ಸೆಸಿಲ್. ಮೀಸೆ ಮೂಡದ ಆ ಹುಡುಗರು ಗುಂಡು ಹಾರುತ್ತಿದ್ದ ಬಯಲಿನಲ್ಲಿ ಸೈಕಲ್ ಮೇಲೆ ಸಂದೇಶ ಒಯ್ದರು, ಟಪಾಲು ಹಂಚಿದರು, ಆಸ್ಪತ್ರೆಯಲ್ಲಿ ದುಡಿದರು. ಮಕ್ಕಳನ್ನು ನಂಬಿ ನಿಜವಾದ ಕೆಲಸ ಒಪ್ಪಿಸಿದರೆ ಅವರು ದೊಡ್ಡವರಷ್ಟೇ ಗಂಭೀರವಾಗಿ ಮಾಡುತ್ತಾರೆಂಬುದನ್ನು ಬೇಡನ್ ಪೊವೆಲ್ ಅಲ್ಲಿ ಕಣ್ಣಾರೆ ಕಂಡರು. ಸ್ಕೌಟ್ ಚಳವಳಿಯ ತಿರುಳು ಇಷ್ಟೇ ಎಂದರೂ ತಪ್ಪಾಗದು.

ಮಾಫೆಕಿಂಗ್‌ನ ಇನ್ನೊಂದು ಮುಖವನ್ನೂ ಹೇಳದಿದ್ದರೆ ಲೆಕ್ಕ ಸರಿಹೊಂದುವುದಿಲ್ಲ. ಪೇಟೆಯನ್ನು ಉಳಿಸಿಕೊಳ್ಳಲು ಹೋರಾಡಿದವರಲ್ಲಿ ಸ್ಥಳೀಯ ಬರೊಲಾಂಗ್ ಜನರೂ ಇದ್ದರು. ಆದರೆ ಆಫ್ರಿಕನ್ನರಿಗೆ ಸಿಕ್ಕ ಪಡಿತರ ಬಿಳಿಯರಿಗಿಂತ ಬಹಳ ಕಡಿಮೆ. ಹಸಿವಿನಿಂದ ಸತ್ತವರೂ ಅವರೇ. 1900ರ ಮೇ 17ರಂದು ಮುತ್ತಿಗೆ ಮುರಿದಾಗ ಲಂಡನ್ನಿನ ಬೀದಿಗಳಲ್ಲಿ ಜನ ಕುಣಿದರು, ಬೇಡನ್ ಪೊವೆಲ್ 43ರ ವಯಸ್ಸಿಗೆ ಮೇಜರ್ ಜನರಲ್ ಆದರು. ಆ ಹಸಿದವರ ಮಾತು ಇತಿಹಾಸದ ಪುಟಕ್ಕೆ ಬರಲು ಬಹಳ ಕಾಲ ಹಿಡಿಯಿತು.

ಇಂಗ್ಲೆಂಡಿಗೆ ಮರಳಿದ ಅವರಿಗೆ ಅಚ್ಚರಿ ಕಾದಿತ್ತು. ಸಿಪಾಯಿಗಳಿಗೆಂದು ಬರೆದ ಪುಸ್ತಕವನ್ನು ಹುಡುಗರು ಕೊಂಡು ಓದುತ್ತಿದ್ದರು. ಶಿಕ್ಷಣ ತಜ್ಞೆ ಶಾರ್ಲಟ್ ಮೇಸನ್ ತಮ್ಮ ಶಿಕ್ಷಕಿಯರ ತರಬೇತಿ ಕಾಲೇಜಿನಲ್ಲಿ ಅದನ್ನು ಬಳಸುತ್ತಿದ್ದರು. ಹಾಗಾದರೆ ಮಕ್ಕಳಿಗಾಗಿಯೇ ಒಂದು ಪುಸ್ತಕ ಏಕಾಗಬಾರದು? ಬರೆಯುವ ಮೊದಲು ಪರೀಕ್ಷಿಸಿ ನೋಡಲು 1907ರ ಆಗಸ್ಟ್ ಮೊದಲ ವಾರ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರ ಶಿಬಿರ ನಡೆಸಿದರು.

ಆ ಕಾಲದ ಇಂಗ್ಲೆಂಡಿನಲ್ಲಿ ಸಿರಿವಂತರ ಮಕ್ಕಳೂ ಕೂಲಿಕಾರರ ಮಕ್ಕಳೂ ಒಟ್ಟಿಗೆ ಆಡುವ ಪದ್ಧತಿಯೇ ಇರಲಿಲ್ಲ. ಬ್ರೌನ್‌ಸೀಯಲ್ಲಿ ಇಬ್ಬರೂ ಒಂದೇ ಡೇರೆಯಲ್ಲಿ ಮಲಗಿದರು. ದೊಡ್ಡ ಶಾಲೆಯ ಹುಡುಗರಿಗೆ ಶುಲ್ಕ ಒಂದು ಪೌಂಡ್, ಊರಿನ ಬಡ ಹುಡುಗರಿಗೆ ಮೂರೂವರೆ ಶಿಲ್ಲಿಂಗ್. ಪೌಂಡಿಗೆ 20 ಶಿಲ್ಲಿಂಗ್ ಲೆಕ್ಕದಲ್ಲಿ ಐದನೇ ಒಂದು ಪಾಲಿಗಿಂತಲೂ ಕಡಿಮೆಯಾಯಿತು. ಬ್ಯಾಂಕಿನ ಕೌಂಟರಿನಲ್ಲಿ ಬಡ್ಡಿದರ ಬರೆದೇ ಕೂದಲು ನರೆತ ನನಗೆ ಈ ಎರಡು ದರದ ವ್ಯವಸ್ಥೆ ಬಹಳ ಹಿಡಿಸಿತು. ನಮ್ಮ ಸಂಘಗಳ ಮಕ್ಕಳ ಶಿಬಿರಗಳಿಗೂ ಇದು ಒಪ್ಪುವಂಥದ್ದು.

ತೋಳ, ಕಾಗೆ, ಗೂಳಿ, ಕಡಲ ಹಕ್ಕಿ ಎಂದು ನಾಲ್ಕು ಗುಂಪುಗಳು. ಪ್ರತಿ ಗುಂಪಿಗೆ ಹುಡುಗನೇ ನಾಯಕ, ಗುಂಪಿನ ಶಿಸ್ತು ಅವನ ಹೊಣೆ. ಮುಂಜಾನೆ ಎಬ್ಬಿಸಲು ಆಫ್ರಿಕಾದಿಂದ ತಂದ ಕುಡು ಜಿಂಕೆಯ ಕೊಂಬು ಊದುತ್ತಿದ್ದರು. ರಾತ್ರಿ ಬೆಂಕಿಯ ಸುತ್ತ ಕತೆ. ಶಿಬಿರದ ಎಲ್ಲರಿಗಿಂತ ಕಿರಿಯ ಅವರ ತೀರಿಕೊಂಡಿದ್ದ ಅಣ್ಣನ ಮಗ ಡೊನಾಲ್ಡ್. ವಯಸ್ಸು ಒಂಬತ್ತು. ಅವನಿಗೂ ಸುಮ್ಮನೆ ಕೂರಲು ಬಿಡದೆ ಚಿಕ್ಕಪ್ಪನ ಸಹಾಯಕನ ಕೆಲಸ ಕೊಟ್ಟಿದ್ದರು. ಮುಂದೆ ಬರಲಿದ್ದ ಕಬ್‌ಗಳ ವಯಸ್ಸು ಸರಿಸುಮಾರು ಅದೇ.

1908ರ ಜನವರಿಯಿಂದ ಪುಸ್ತಕ ಹದಿನೈದು ದಿನಕ್ಕೊಂದು ಭಾಗದಂತೆ ಆರು ಭಾಗಗಳಲ್ಲಿ ಹೊರಬಂತು. ಬೆಲೆ ನಾಲ್ಕು ಪೆನ್ಸ್. ಈಗಾಗಲೇ ಇದ್ದ ಸಂಸ್ಥೆಗಳು ಇದನ್ನು ಉಪಯೋಗಿಸಿಕೊಳ್ಳಲಿ ಎಂಬುದು ಅವರ ಲೆಕ್ಕಾಚಾರವಾಗಿತ್ತು. ಹುಡುಗರು ಯಾರನ್ನೂ ಕಾಯದೆ ತಾವೇ ಗುಂಪು ಕಟ್ಟಿಕೊಂಡು, ಆಮೇಲೆ ದೊಡ್ಡವರನ್ನು ಹುಡುಕಿ ತಂದರು. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಸ್ಕೌಟ್‌ಗಳ ಸಮಾವೇಶ ನಡೆದಾಗ ಕರೆಯದೇ ಬಂದ ಹುಡುಗಿಯರೂ ಸಮವಸ್ತ್ರ ತೊಟ್ಟು ನಿಂತಿದ್ದರು. ಮರುವರ್ಷ ತಂಗಿ ಆಗ್ನೆಸ್ ನೆರವಿನಿಂದ ಗೈಡ್ಸ್ ಆರಂಭವಾಯಿತು. ಅದೇ 1910ರಲ್ಲಿ ಅವರು ಸೈನ್ಯ ಬಿಟ್ಟರು.

ಅಣ್ಣಂದಿರು ಹೊರಟ ಮೇಲೆ ತಮ್ಮಂದಿರು ಸುಮ್ಮನಿರುತ್ತಾರೆಯೇ? ಎಂಟು ಒಂಬತ್ತು ವರ್ಷದ ಹುಡುಗರು ಸ್ಕೌಟ್ ಸಭೆಗಳ ಬಾಗಿಲಲ್ಲಿ ಬಂದು ನಿಂತರು. ದೊಡ್ಡವರ ನಡಿಗೆ, ದೊಡ್ಡವರ ಭಾರ ಇವರಿಗೆ ಆಗದು. ಬೇಡನ್ ಪೊವೆಲ್ ಹುಡುಕಿಕೊಂಡ ದಾರಿ ನಮ್ಮ ಮುಂಬಯಿಯಲ್ಲಿ ಹುಟ್ಟಿದವನೊಬ್ಬನ ಕೃತಿಯಲ್ಲಿ ಸಿಕ್ಕಿತು. ರುಡ್ಯಾರ್ಡ್ ಕಿಪ್ಲಿಂಗ್ 1865ರಲ್ಲಿ ಜನಿಸಿದ್ದು ಜೆ.ಜೆ. ಕಲಾಶಾಲೆಯ ಆವರಣದಲ್ಲಿ. ಮಧ್ಯಪ್ರದೇಶದ ಸಿವನಿ ಕಾಡಿನಲ್ಲಿ ತೋಳಗಳ ನಡುವೆ ಬೆಳೆಯುವ ಮೋಗ್ಲಿಯ ಕತೆಯನ್ನು ಮಕ್ಕಳ ತಂಡಕ್ಕೆ ಹೊಂದಿಸಲು ಕಿಪ್ಲಿಂಗ್ ಒಪ್ಪಿಗೆ ಕೊಟ್ಟರು. 1915ರ ಸೆಪ್ಟೆಂಬರಿನಲ್ಲಿ ಯುದ್ಧದಲ್ಲಿ ಒಬ್ಬನೇ ಮಗನನ್ನು ಕಳೆದುಕೊಂಡಿದ್ದ ತಂದೆ ಅವರು. 1916ರಲ್ಲಿ ತೋಳಮರಿಗಳ ಶಾಖೆ ವಿಧ್ಯುಕ್ತವಾಗಿ ಆರಂಭವಾಗಿ ಅದರ ಕೈಪಿಡಿ ಹೊರಬಂತು. ಗಂಡಸರೆಲ್ಲ ಯುದ್ಧಕ್ಕೆ ಹೋಗಿದ್ದ ಕಾಲ, ಮರಿಗಳನ್ನು ನೋಡಿಕೊಂಡವರು ಬಹಳ ಕಡೆ ಹೆಂಗಸರೇ. ವೀರಾ ಬಾರ್ಕ್ಲೆ ಎಂಬಾಕೆ ಈ ಶಾಖೆಯನ್ನು ರೂಪಿಸುವಲ್ಲಿ ಅವರಿಗೆ ಹೆಗಲು ಕೊಟ್ಟರು.

ತಂಡದ ಮುಖ್ಯಸ್ಥರಿಗೆ ಕತೆಯ ಹಿರಿಯ ತೋಳದ ಹೆಸರು, ಅಕೇಲಾ. ಹಿಂದಿ ಬಲ್ಲ ಮುಂಬಯಿ ಮಕ್ಕಳಿಗೆ ಆ ಪದದ ಅರ್ಥ ಹೇಳಿಕೊಡಬೇಕಾಗಿಲ್ಲ. ಬಾಲೂ ಎಂದರೆ ಕರಡಿ ಎಂಬುದನ್ನೂ! ಆರು ಆರು ಮಕ್ಕಳ ಗುಂಪು, ಅದಕ್ಕೊಬ್ಬ ಪುಟ್ಟ ನಾಯಕ. ಎಲ್ಲರೂ ವೃತ್ತಾಕಾರದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ತೋಳದಂತೆ ಊಳಿಡುವುದು ಸ್ವಾಗತದ ಕ್ರಮ. ಭಾರತದಲ್ಲಿ ಕಬ್ ಶಾಖೆ ಹತ್ತು ವರ್ಷದವರೆಗಿನ ಹುಡುಗರಿಗೆ. ಅದೇ ವಯಸ್ಸಿನ ಹುಡುಗಿಯರಿಗೆ ಬುಲ್‌ಬುಲ್ ಇದೆ. ಬೂಟಿನ ಲೇಸು ಕಟ್ಟುವುದು, ಹಾಸಿಗೆ ಮಡಚುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ದಿನಕ್ಕೊಂದು ಸತ್ಕಾರ್ಯ. ಮೇಲ್ನೋಟಕ್ಕೆ ಇಷ್ಟೇ.

ಇಲ್ಲಿಯೇ ನಮ್ಮ ಪಾಲಕರು ಎಡವುವುದು. ಮಗನ ಬ್ಯಾಜಿಗಾಗಿ ಅಪ್ಪ ಗಂಟು ಹಾಕಿಕೊಡುತ್ತಾನೆ, ಶಿಬಿರದ ಚೀಲವನ್ನು ಅಮ್ಮ ತುಂಬಿಸಿಕೊಡುತ್ತಾಳೆ, ವರದಿಯನ್ನು ಅಕ್ಕ ಬರೆಯುತ್ತಾಳೆ. ಹೀಗೆ ಮಾಡುವುದಾದರೆ ಸಮವಸ್ತ್ರದ ಹಣವನ್ನು ಉಳಿಸಬಹುದು. ಚೀಲವನ್ನು ಅವನೇ ತುಂಬಲಿ, ಟವೆಲ್ ಮರೆತು ಹೋಗಲಿ, ಒಂದು ರಾತ್ರಿ ಒದ್ದೆ ಮೈಯಲ್ಲಿ ನಿಂತು ಯೋಚಿಸಲಿ. ಎರಡು ಕೋಣೆಯ ಫ್ಲಾಟಿನಲ್ಲಿ, ಲಿಫ್ಟಿನಿಂದ ಶಾಲೆಯ ಬಸ್ಸಿಗೆ, ಬಸ್ಸಿನಿಂದ ಟ್ಯೂಷನ್ನಿಗೆ ಸಾಗುವ ನಮ್ಮ ಮಕ್ಕಳಿಗೆ ತಾವೇ ನಿಭಾಯಿಸಬೇಕಾದ ಒಂದು ಕೆಲಸವೂ ಉಳಿದಿಲ್ಲ.

ನಂಬಿಕೆ ಮಕ್ಕಳ ಮೇಲಿರಲಿ, ವ್ಯವಸ್ಥೆಯನ್ನು ಮಾತ್ರ ಪ್ರಶ್ನಿಸಿಯೇ ಕಳುಹಿಸಬೇಕು. ಅಮೆರಿಕದ ಬಾಯ್ ಸ್ಕೌಟ್ಸ್ ಸಂಸ್ಥೆ 2020ರಲ್ಲಿ ದಿವಾಳಿ ಅರ್ಜಿ ಹಾಕಿತು. ಬಾಲ್ಯದಲ್ಲಿ ತಮ್ಮ ಮೇಲೆ ದೌರ್ಜನ್ಯ ನಡೆಯಿತೆಂದು 80 ಸಾವಿರಕ್ಕೂ ಹೆಚ್ಚು ಮಂದಿ ಅಲ್ಲಿ ಪರಿಹಾರ ಕೇಳಿದರು. ಶಿಬಿರದಲ್ಲಿ ದೊಡ್ಡವರು ಎಷ್ಟು ಮಂದಿ, ಅವರು ತರಬೇತಿ ಪಡೆದವರೇ, ರಾತ್ರಿ ಮಕ್ಕಳು ಎಲ್ಲಿ ಮಲಗುತ್ತಾರೆ, ಮಗುವಿನೊಂದಿಗೆ ಒಬ್ಬರೇ ದೊಡ್ಡವರು ಇರುವ ಸಂದರ್ಭವಿದೆಯೇ ಎಂದು ಕೇಳಲು ಯಾರೂ ಸಂಕೋಚಪಡಬೇಕಾಗಿಲ್ಲ.

ಭಾರತದ ಮಟ್ಟಿಗೆ ಸ್ಕೌಟಿಂಗ್ ಮೊದಲು ಕಾಲಿಟ್ಟದ್ದು ನಮ್ಮ ಬೆಂಗಳೂರಿನಲ್ಲಿ, 1909ರಲ್ಲಿ. ಕ್ಯಾಪ್ಟನ್ ಟಿ.ಎಚ್. ಬೇಕರ್ ಎಂಬವರು ಕಟ್ಟಿದ ಆ ದಳ ಬ್ರಿಟಿಷ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ. ಕನ್ನಡದ ಮಕ್ಕಳು ಬೇಲಿಯಾಚೆ ನಿಂತು ನೋಡಬೇಕಾಗಿತ್ತು. ಈ ಅವಮಾನಕ್ಕೆ ಉತ್ತರವಾಗಿ ಮದ್ರಾಸಿನಲ್ಲಿ ಆನಿ ಬೆಸೆಂಟ್, ಉತ್ತರದಲ್ಲಿ ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ, ಮಧ್ಯ ಪ್ರಾಂತದಲ್ಲಿ ಮುಂದೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದ ವಿವಿಯನ್ ಬೋಸ್ ಭಾರತೀಯ ಮಕ್ಕಳಿಗಾಗಿ ದುಡಿದರು. 1921ರಲ್ಲಿ ಬೇಡನ್ ಪೊವೆಲ್ ಇಲ್ಲಿಗೆ ಬಂದಾಗ ಬೆಸೆಂಟರ ಸಂಸ್ಥೆ ಮೂಲ ಚಳವಳಿಯೊಂದಿಗೆ ಸೇರಿತು, ಮಾಳವೀಯರದು ಬೇರೆಯಾಗಿಯೇ ಉಳಿಯಿತು. 1937ರಲ್ಲಿ ಮತ್ತೆ ಬಂದು ಹೋದ ಬಳಿಕ ಭಾರತೀಯರ ನಡತೆಯನ್ನು ಹೀಗಳೆದು ಅವರಾಡಿದ ಮಾತು ದೊಡ್ಡ ನೋವು ತಂದಿತು. ಮರುವರ್ಷ ಹಿಂದೂಸ್ತಾನ್ ಸ್ಕೌಟ್ ಅಸೋಸಿಯೇಷನ್ ಹುಟ್ಟಿಕೊಂಡಿತು. ಇಂಡಿಯಾದಲ್ಲಿ ಯೌವನ ಕಳೆದ ಮನುಷ್ಯ ಇಂಡಿಯಾವನ್ನು ಪೂರ್ತಿ ಅರಿಯಲಿಲ್ಲವೆಂದೇ ಹೇಳಬೇಕು. ಈ ಕವಲುಗಳೆಲ್ಲ 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಆಗಿ ಒಂದಾದವು, ಮರುವರ್ಷ ಗೈಡ್ಸ್ ಕೂಡಿಕೊಂಡಿತು. ಕರ್ನಾಟಕದಲ್ಲಿ ಕೊಂಡಜ್ಜಿ ಬಸಪ್ಪನವರಂಥವರು ಇದಕ್ಕಾಗಿ ಜೀವ ತೇದರು. ದಾದರಿನ ಶಿವಾಜಿ ಪಾರ್ಕಿನ ಸ್ಕೌಟ್ ಹಾಲ್ ಮುಂಬಯಿಯ ನಮ್ಮವರಿಗೆ ಪರಿಚಿತವೇ.

ಅವರ ಸಂಸಾರದ ವಿಷಯ ಇನ್ನು ಸ್ವಲ್ಪ. 1912ರಲ್ಲಿ, 55ರ ವಯಸ್ಸಿನಲ್ಲಿ, ಹಡಗಿನಲ್ಲಿ ಪರಿಚಯವಾದ 23ರ ಓಲೇವ್ ಸೋಮ್ಸ್ ಅವರನ್ನು ಮದುವೆಯಾದರು. ಇಬ್ಬರ ಹುಟ್ಟುಹಬ್ಬವೂ ಒಂದೇ ದಿನ. ಓಲೇವ್ ಮುಂದೆ ಗೈಡ್ಸ್ ಚಳವಳಿಯ ಆಧಾರವಾದರು. ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಲಕ್ಷಾಂತರ ಹುಡುಗರನ್ನು ಅವರವರ ಪಾಡಿಗೆ ಅರಳಲು ಬಿಟ್ಟ ಮಹಾನುಭಾವರು ಸ್ವಂತ ಮಗ ಪೀಟರನಿಂದ ಮಾತ್ರ ಅತಿಯಾಗಿ ನಿರೀಕ್ಷಿಸಿದರು. ಮೆದು ಸ್ವಭಾವದ ಆ ಹುಡುಗ ತಂದೆಯ ಶಾಲೆಯಲ್ಲೂ ಸೈನಿಕ ಕಾಲೇಜಿನಲ್ಲೂ ಮಿಂಚಲಿಲ್ಲ, ಕೊನೆಗೆ ದೂರದ ರೊಡೇಷಿಯಾದಲ್ಲಿ ಪೊಲೀಸ್ ಪಡೆಗೆ ಸೇರಿದ. ಊರ ಮಕ್ಕಳಿಗೆ ಒದಗಿದ ತಾಳ್ಮೆ ಮನೆಯ ಮಗನಿಗೆ ಒದಗದಿರುವುದು ನಮ್ಮ ನೆರೆಕರೆಯಲ್ಲೂ ಕಾಣುವ ಸಂಗತಿಯೇ.

1920ರಲ್ಲಿ ಲಂಡನ್ನಿನ ಮೊದಲ ವಿಶ್ವ ಜಾಂಬೂರಿಯಲ್ಲಿ ಅವರನ್ನು ವಿಶ್ವದ ಮುಖ್ಯ ಸ್ಕೌಟ್ ಎಂದು ಘೋಷಿಸಲಾಯಿತು. 1937ರಲ್ಲಿ ಹಾಲೆಂಡಿನ ಜಾಂಬೂರಿಯಲ್ಲಿ ಎಂಬತ್ತರ ಮುದುಕ ಹುಡುಗರಿಂದ ಬೀಳ್ಕೊಂಡರು. ಕೀನ್ಯಾದ ನ್ಯೇರಿ ಎಂಬಲ್ಲಿ ಪತ್ನಿಯೊಡನೆ ಪುಟ್ಟ ಮನೆಯಲ್ಲಿ ಚಿತ್ರ ಬಿಡಿಸುತ್ತ ಉಳಿದ ದಿನ ಕಳೆದರು. 1941ರ ಜನವರಿ 8ರಂದು ತೀರಿಕೊಂಡಾಗ ವಯಸ್ಸು 83. 1977ರಲ್ಲಿ ಓಲೇವ್ ನಿಧನರಾದ ಬಳಿಕ ಆಕೆಯ ಬೂದಿಯನ್ನೂ ಅದೇ ಸಮಾಧಿಯಲ್ಲಿಟ್ಟರು. ಅವರ ಸಮಾಧಿಯ ಕಲ್ಲಿನ ಮೇಲೆ ಹೆಸರಿನ ಜೊತೆ ಒಂದು ವೃತ್ತ, ಅದರ ನಡುವೆ ಒಂದು ಚುಕ್ಕೆ ಇದೆ. ದಾರಿ ಗುರುತುಗಳನ್ನು ಕಲಿತ ಸ್ಕೌಟ್ ಹುಡುಗರು ಅದನ್ನು ಓದಬಲ್ಲರು. ಗುರುತು ಹಾಕಿದವನು ಮನೆಗೆ ಹೋಗಿದ್ದಾನೆ ಎಂದು ಅದರ ಅರ್ಥ.