ರೋಗಿಯ ಪಕ್ಕ ಕೂರುವುದೂ ಒಂದು ಕೆಲಸ

ಬೇಮಳಖೇಡದಿಂದ ಹುಮನಾಬಾದಿಗೋ ಬೀದರಿಗೋ ಅತ್ತೆಯನ್ನು ಕರೆದೊಯ್ದು ದವಾಖಾನೆಯಲ್ಲಿ ಜೊತೆಗೆ ಉಳಿದ ಸೊಸೆಗೆ ಒಂದೇ ಚಿಂತೆ. ಔಷಧಿ ನರ್ಸಮ್ಮ ಕೊಡ್ತಾರೆ, ನಾನೇನು ಮಾಡಲಿ? ಫ್ಲಾರೆನ್ಸ್ ನೈಟಿಂಗೇಲ್ ಬದುಕು ನೋಡಿ, ಮಾಡೋದು ಬೇಕಾದಷ್ಟಿದೆ.

ಇಂಗ್ಲೆಂಡಿನ ಶ್ರೀಮಂತರ ಮಗಳು ಈಕೆ. ಹುಟ್ಟಿದ್ದು 1820ರ ಮೇ 12ರಂದು, ಇಟಲಿಯಲ್ಲಿ. ನರ್ಸ್ ಆಗ್ತೀನಿ ಅಂದಾಗ ಮನೆಯವರು ಒಪ್ಪಲಿಲ್ಲ, ಆಗ ಅದು ಮರ್ಯಾದಸ್ಥರ ಕೆಲಸವಾಗಿರಲಿಲ್ಲ. ಈಕೆ ಹಟ ಬಿಡಲಿಲ್ಲ. 1853ರಲ್ಲಿ ಲಂಡನ್ನಿನ ಪುಟ್ಟ ಮಹಿಳಾ ಆಸ್ಪತ್ರೆಯ ಮೇಲ್ವಿಚಾರಕಿಯಾದಾಗ ಏನು ಕೇಳಿದಳು ಗೊತ್ತೇ? ಮಹಡಿ ಮಹಡಿಗೂ ಬಿಸಿನೀರು, ಊಟ ಮೇಲೆತ್ತುವ ಯಂತ್ರ, ಕರೆದದ್ದು ಯಾವ ರೋಗಿ ಎಂದು ತೋರಿಸುವ ಗಂಟೆ. ದಾದಿ ಮೆಟ್ಟಿಲು ಹತ್ತಿಳಿಯುತ್ತಲೇ ಇದ್ದರೆ ರೋಗಿಯ ಹತ್ತಿರ ಇರೋದು ಯಾವಾಗ!

1854ರ ನವೆಂಬರಿನಲ್ಲಿ 38 ದಾದಿಯರೊಂದಿಗೆ ತುರ್ಕಿಯ ಸ್ಕುಟಾರಿ ಸೈನಿಕ ಆಸ್ಪತ್ರೆಗೆ ಹೋದಳು. ಬಟ್ಟೆ ಒಗೆಸಿದಳು, ಅಡುಗೆ ಸರಿಪಡಿಸಿದಳು, ರಾತ್ರಿ ದೀಪ ಹಿಡಿದು ಓಡಾಡಿದಳು. ಆದರೂ ಸಾವು ಇಳಿದದ್ದು ಮುಂದಿನ ವರ್ಷ ಚರಂಡಿ ಶುಚಿಯಾದ ಮೇಲೆಯೇ.

1855ರಲ್ಲಿ ಆಕೆಗೇ ಜ್ವರ ಬಂತು. ಸಾವಿನ ಅಂಚಿಗೆ ಹೋಗಿ ಬಂದಳು. ಆಗ ಯಾರೋ ಕಳಿಸಿದ ಕಾಡುಹೂಗಳ ಗೊಂಚಲನ್ನು ನೋಡಿದ ಮೇಲೆ ಚೇತರಿಕೆ ಬೇಗನಾಯಿತು ಎಂದು ಮುಂದೆ ಬರೆದಳು. ಬರೀ ಗೋಡೆ ನೋಡುತ್ತಾ ಮಲಗುವ ಕಷ್ಟ ಮಲಗಿದವರಿಗೇ ಗೊತ್ತು.

ಆ ಪುಸ್ತಕ ಬಂದದ್ದು 1859ರ ಕೊನೆಗೆ. ಬರೆದದ್ದು ತರಬೇತಾದ ದಾದಿಯರಿಗಲ್ಲ, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವ ನಮ್ಮಂಥವರಿಗೆ. ಮಂಚದ ಅಂಚಿಗೆ ಕೂತು ಅಲುಗಾಡಿಸಬೇಡಿ. ಬೆನ್ನ ಹಿಂದೆ ನಿಂತು ಮಾತಾಡಿ ರೋಗಿ ಕತ್ತು ತಿರುಗಿಸುವಂತೆ ಮಾಡಬೇಡಿ. ಬಾಗಿಲ ಹೊರಗೆ ಡಾಕ್ಟರ ಜೊತೆ ಪಿಸುಗುಟ್ಟಬೇಡಿ, ಒಳಗಿದ್ದವರು ಅದನ್ನೇ ಕಿವಿಗೊಟ್ಟು ಕೇಳಿ ಹೆದರುತ್ತಾರೆ. ತಿನ್ನದೆ ಬಿಟ್ಟ ತಟ್ಟೆ ಪಕ್ಕದಲ್ಲೇ ಇಡಬೇಡಿ. ಏನೂ ಆಗಲ್ಲ ಬಿಡಿ ಅಂತ ಸುಳ್ಳು ಧೈರ್ಯವೂ ಬೇಡ (ನಮ್ಮ ನೆಂಟರಿಷ್ಟರು ಇದನ್ನು ಓದಬೇಕು!). ಚಾ ತರೋಕೆ ಹೊರಗೆ ಹೋದರೂ ಯಾವಾಗ ಬರ್ತೀರಿ ಅಂತ ಹೇಳಿ ಹೋಗಿ. ಕಾಯುವುದು, ಏನಾಗುತ್ತೋ ಎಂಬ ಅಂಜಿಕೆ, ಇವು ಮೈಯ ದಣಿವಿಗಿಂತ ಹೆಚ್ಚು ಸುಸ್ತು ಮಾಡುತ್ತವೆ. ಎಲ್ಲಕ್ಕಿಂತ ಮುಖ್ಯ, ಗಮನಿಸಿ: ಎಷ್ಟು ತಿಂದರು, ಯಾವ ಹೊತ್ತಿಗೆ ಎಚ್ಚರವಾಯಿತು, ಯಾವಾಗ ಚಳಿ ಅಂದರು. ಡಾಕ್ಟರು ಕೇಳಿದಾಗ ಚೆನ್ನಾಗಿದ್ದಾರೆ ಅಂದರೆ ಅವರಿಗೇನೂ ತಿಳಿಯಲ್ಲ.

1860ರಲ್ಲಿ ಆಕೆಯ ಹೆಸರಿನ ನರ್ಸಿಂಗ್ ಶಾಲೆ ಶುರುವಾಯಿತು. ಯುದ್ಧದಿಂದ ಮರಳಿದ ಮೇಲೆ ಎಷ್ಟೋ ವರ್ಷ ಆಕೆ ಸ್ವತಃ ಹಾಸಿಗೆ ಹಿಡಿದಿದ್ದಳು. ಭಾರತಕ್ಕೆ ಒಮ್ಮೆಯೂ ಬರದಿದ್ದರೂ ನಮ್ಮ ಹಳ್ಳಿಗಳ ನೀರು, ನೈರ್ಮಲ್ಯದ ಬಗ್ಗೆ ಲಂಡನ್ನಿನಿಂದಲೇ ಬರೆಯುತ್ತಾ ಹೋದಳು. 1910ರ ಆಗಸ್ಟ್ 13ರಂದು ತೀರಿಕೊಂಡಾಗ ವಯಸ್ಸು 90.